ಚೀಟಿಯಲ್ಲಿ ಖಾಲಿ ಉಳಿದ ಸಾಲು

ಹಳೆಯ ವಾಲ್ವ್ ರೇಡಿಯೋ ಹೊತ್ತು ನಿಧಾನಪ್ಪನವರ ಬಾಗಿಲಿಗೆ ಬಂದವರು ಮೊದಲು ಕೇಳಿಸಿಕೊಳ್ಳುತ್ತಿದ್ದ ಮಾತು ಒಂದೇ: “ಇಟ್ಟು ಹೋಗಿ. ಯಾವಾಗ ಹಾಡತ್ತೆ ಅಂತ ಮಾತ್ರ ಕೇಳಬೇಡಿ.” ಆದರೂ ಕೇಳಿದವರನ್ನು ಅವರು ಕನ್ನಡಕ ಹಣೆಗೇರಿಸಿ ಒಮ್ಮೆ ದಿಟ್ಟಿಸುತ್ತಿದ್ದರು, ಉತ್ತರ ಅಷ್ಟರಲ್ಲೇ ಮುಗಿಯುತ್ತಿತ್ತು. ನಿಧಾನಪ್ಪ ಎಂಬ ಅಡ್ಡಹೆಸರನ್ನು ಅವರಿಗೆ ದಯಪಾಲಿಸಿದವನು ಪಕ್ಕದ ಅಂಗಡಿಯ ಕ್ಷೌರಿಕ, 1976ರ ಜೂನ್ ತಿಂಗಳಲ್ಲಿ. “ನಾನು ಬೆಳಿಗ್ಗೆಯಿಂದ ಹನ್ನೊಂದು ತಲೆ ಮುಗಿಸಿದೆ. ನೀನಿನ್ನೂ ಆ ಡಬ್ಬದ ಮುಖ ನೋಡ್ತಾ ಕೂತಿದ್ದೀಯಲ್ಲೋ, ನಿಧಾನಪ್ಪ!” ಎಂದು ಅವನು ಬೀದಿಗೆಲ್ಲ ಕೇಳುವಂತೆ ಕೂಗಿದ. ಬೀದಿ ಕೇಳಿಸಿಕೊಂಡಿತು. ವರ್ಷ ಮುಗಿಯುವುದರೊಳಗೆ ಅಂಚೆಯವನೂ ಅದೇ ಹೆಸರು ಹಿಡಿದು ಕರೆಯತೊಡಗಿದ್ದ.

ನಿಧಾನಪ್ಪನವರಿಗೆ ಇದರಿಂದ ಬೇಸರವಾಗಲಿಲ್ಲ. ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲ ದಿನ ಸೆಟ್ಟನ್ನು ನೋಡುವುದು, ಮುಟ್ಟುವುದಿಲ್ಲ. ಎರಡನೆಯ ದಿನ ಹಿಂದಿನ ಮುಚ್ಚಳ ಬಿಚ್ಚಿ, ಮೃದುವಾದ ಬಣ್ಣದ ಬ್ರಷ್ಷಿನಿಂದ ಧೂಳು ಕೊಡವುವುದು. ಆಮೇಲೆ ಒಂದೊಂದೇ ತಂತಿ, ಒಂದೊಂದೇ ಕಂಡೆನ್ಸರ್ ಪರೀಕ್ಷೆ. ಎಷ್ಟೋ ದಿನಗಳ ನಂತರ ವಿದ್ಯುತ್ತು; ಅದೂ ನೇರವಾಗಿ ಅಲ್ಲ. ಮರದ ಹಲಗೆಯೊಂದಕ್ಕೆ ಅರವತ್ತು ವಾಟಿನ ಬಲ್ಬು ಬಿಗಿದು, ಕರೆಂಟು ಆ ಬಲ್ಬನ್ನು ಹಾದು ಸೆಟ್ಟಿಗೆ ಹೋಗುವಂತೆ ಮಾಡಿದ್ದರು. ಬಲ್ಬು ಧಗ್ಗನೆ ಉರಿದು ಹಾಗೇ ನಿಂತರೆ ಒಳಗೆಲ್ಲೋ ಶಾರ್ಟ್ ಆಗಿದೆ ಎಂದರ್ಥ. ಒಮ್ಮೆ ಬೆಳಗಿ ಮೆಲ್ಲಗೆ ಮಂಕಾದರೆ ಸೆಟ್ಟಿನಲ್ಲಿ ಜೀವವಿದೆ.

ಕೊನೆಯಲ್ಲಿ ಚೀಟಿ. ರಿಪೇರಿಯಾದ ಪ್ರತಿಯೊಂದು ಸೆಟ್ಟಿನ ಹಿಂಬದಿಯ ಮುಚ್ಚಳದ ಒಳಮೈಗೆ ಅವರು ಅಂಗೈಯಗಲದ ಚೀಟಿಯೊಂದನ್ನು ಅಂಟಿಸುತ್ತಿದ್ದರು. ಅದರಲ್ಲಿ ಐದು ಸಾಲು: ಬಂದ ದಿನ, ದೂರು, ಕಾರಣ, ಮಾಡಿದ ಕೆಲಸ, ಹೋದ ದಿನ. ಕಾರಣದ ಸಾಲಿನಲ್ಲಿ ಅವರಿಗೆ ಯಾರ ಮುಲಾಜೂ ಇರಲಿಲ್ಲ. “ಜಿರಲೆ” ಎಂದು ಬರೆದದ್ದುಂಟು. “ಯಜಮಾನರು ಮೇಲೆ ಇಟ್ಟಿದ್ದ ಹೂದಾನಿಯ ನೀರು” ಎಂದು ಬರೆದದ್ದುಂಟು. “ನನಗಿಂತ ಮೊದಲು ರಿಪೇರಿ ಮಾಡಿದವನು” ಎಂಬುದಂತೂ ಇಪ್ಪತ್ತಕ್ಕೂ ಹೆಚ್ಚು ಸೆಟ್ಟುಗಳಲ್ಲಿ ಇಂದಿಗೂ ಇದ್ದೀತು. ಸುಳ್ಳು ಕಾರಣವನ್ನು ಮಾತ್ರ ಅವರು ಒಮ್ಮೆಯೂ ಬರೆದಿರಲಿಲ್ಲ.

ಇಷ್ಟೊಂದು ನಿಧಾನ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅದಕ್ಕೊಂದು ತಾರೀಕು ಇದೆ: 1969ರ ಮಾರ್ಚ್ 9, ಭಾನುವಾರ.

ಆಗ ಅವರಿಗೆ ಹತ್ತೊಂಬತ್ತು ವರ್ಷ. ರೇಡಿಯೋ ರಿಪೇರಿಯ ಆರು ತಿಂಗಳ ತರಬೇತಿ ಮುಗಿಸಿ, ಪ್ರಮಾಣಪತ್ರದ ಶಾಯಿ ಇನ್ನೂ ಆರದ ದಿನಗಳು. ಅಕ್ಕ ಅವರಿಗಿಂತ ಏಳು ವರ್ಷ ದೊಡ್ಡವಳು. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಅವಳ ಮಾವನವರ ಮನೆಯ ನಡುಕೋಣೆಯಲ್ಲಿ ಒಂದು ರೇಡಿಯೋಗ್ರಾಮ್ ಇತ್ತು: ಸೊಂಟದೆತ್ತರದ ತೇಗದ ಪೆಟ್ಟಿಗೆ, ಮುಂದೆ ರೇಡಿಯೋ, ಮೇಲಿನ ಮುಚ್ಚಳ ಎತ್ತಿದರೆ ರೆಕಾರ್ಡ್ ಪ್ಲೇಯರ್. ಮಾವನವರು ಅದನ್ನು ದಿನಕ್ಕೊಮ್ಮೆ ತಾವೇ ಒರೆಸುತ್ತಿದ್ದರು. ಬೇರೆಯವರು ಗುಂಡಿ ತಿರುಗಿಸಿದರೆ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಹತ್ತು ದಿನ ಬೇರೆ ಊರಿಗೆ ಹೋಗಿ ಬಂದವರಿಗೆ ಅದು ಗುಂಯ್ ಎಂದು ಗೊಣಗುವುದು ಕೇಳಿಸಿತು. “ನಿನ್ನ ಹೆಂಡತಿಯ ತಮ್ಮ ಕಲಿತವನಂತೆ, ಕರೆಸು” ಎಂದು ಮಗನಿಗೆ ಹೇಳಿದರು.

ಕಲಿತವನು ಹೊಸ ಚರ್ಮದ ಚೀಲ ಹಿಡಿದು ಬಂದ. ಮನೆಮಂದಿಯೆಲ್ಲ ಸುತ್ತ ನಿಂತಿದ್ದರು. ಮುಚ್ಚಳ ಬಿಚ್ಚಿ ಧೂಳಿನಲ್ಲಿ ಮೂಗು ತೂರಿಸಿದರೆ ಜಾಣತನ ಕಾಣುವುದೇ? ಪ್ಲಗ್ಗು ಚುಚ್ಚಿ, ಸ್ವಿಚ್ಚು ಒತ್ತಿ, ಕಿವಿಯಿಂದಲೇ ರೋಗ ಹೇಳುವವನಂತೆ ತಲೆ ವಾಲಿಸಿ ನಿಂತುಬಿಟ್ಟ. ಗುಂಯ್‌ಗುಡುವುದು ಜೋರಾಯಿತು. ನಾಲ್ಕನೆಯ ನಿಮಿಷಕ್ಕೆ ಕಾದ ಟಾರಿನ ವಾಸನೆ ಬಂತು. ಐದನೆಯದಕ್ಕೆ ಹಿಂದಿನಿಂದ ಹೊಗೆ. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಮಾವನವರು ಒಳಗಿನಿಂದ ದಪ್ಪ ಬಟ್ಟೆಯೊಂದನ್ನು ತಂದು ಪೆಟ್ಟಿಗೆಗೆ ಹೊದಿಸಿ, “ಇನ್ನು ಇದನ್ನ ಯಾರೂ ಮುಟ್ಟಬೇಡಿ” ಎಂದರು. ಅಕ್ಕ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಆ ತಗ್ಗಿದ ತಲೆ ನಿಧಾನಪ್ಪನವರ ಕಣ್ಣಿಗೆ ಕಟ್ಟಿಹೋಯಿತು.

ಅಂದಿನಿಂದ ಭಾವನ ಬಾಯಿಗೆ ಬಿಡುವಿಲ್ಲದ ಕೆಲಸ ಸಿಕ್ಕಿತು. ಹೋದಲ್ಲಿ ಬಂದಲ್ಲಿ, “ಇವನೇ ನೋಡಿ ನನ್ನ ಭಾವಮೈದುನ. ಐದು ನಿಮಿಷದಲ್ಲಿ ರೇಡಿಯೋಗೆ ಹೊಗೆ ಕುಡಿಯೋದು ಕಲಿಸಿದವನು!” ಎಂದು ಪರಿಚಯಿಸುವರು. ಅದರಲ್ಲಿ ವಿಷವಿರಲಿಲ್ಲ, ಆದರೆ ನಲವತ್ತೆರಡು ವರ್ಷ ಒಂದೇ ಜಾಗದಲ್ಲಿ ತಟ್ಟಿದರೆ ಬೆರಳಿನ ಪೆಟ್ಟೂ ನೋಯುತ್ತದೆ. ಸರಿಪಡಿಸಿ ಕೊಡುತ್ತೇನೆಂದು ನಿಧಾನಪ್ಪನವರು ಎಷ್ಟೋ ಸಲ ಕೇಳಿದರು. ಮಾವನವರು ಬೇಡವೆಂದರು. 1983ರಲ್ಲಿ ಅವರು ತೀರಿಕೊಂಡ ಮೇಲೆ ಅಕ್ಕ ಬೇಡವೆಂದಳು. “ಬಿಡೋ, ಅದರ ಮೇಲೆ ಹಾಸಿಗೆ ಬಟ್ಟೆ ಜೋಡಿಸಿದ್ದೀನಿ. ಈಗ್ಯಾಕೆ?” ಎನ್ನುವಳು. ತನಗೆ ಮತ್ತೆ ಮುಜುಗರವಾಗಬಾರದೆಂದು ಅಕ್ಕ ಹೀಗೆನ್ನುತ್ತಾಳೆ ಎಂದು ತಮ್ಮ ತಿಳಿದುಕೊಂಡಿದ್ದರು.

2011ರ ಜನವರಿ 12, ಬುಧವಾರ, ಆ ಪೆಟ್ಟಿಗೆ ಕೈಗಾಡಿಯ ಮೇಲೆ ಕೂತು ಅವರ ಮನೆಗೇ ಬಂತು. ಅಕ್ಕನ ಮನೆಯ ನೆಲಕ್ಕೆ ಹೊಸ ಕಲ್ಲು ಹಾಸುವ ಕೆಲಸ ಶುರುವಾಗಿತ್ತು. ಹಿಂದೆಯೇ ಭಾವನ ಫೋನು.

“ಏನಯ್ಯಾ, ಬಂತಾ ನಿನ್ನ ಹಳೇ ಗೆಳೆಯ? ನಾನಂತೂ ಗುಜರಿಯವನಿಗೆ ಹೇಳಿಟ್ಟಿದ್ದೆ. ನಿಮ್ಮಕ್ಕ ಅಡ್ಡ ನಿಂತಳು. ‘ನನ್ನ ತಮ್ಮ ಒಂದ್ಸಲ ಬಿಚ್ಚಿ ನೋಡಲಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ’ ಅಂತ ಹಟ.”

“ಅಕ್ಕನೇ ಹೇಳಿದ್ಲಾ, ಭಾವ?”

“ಅವಳೇ. ಮಾರ್ಚ್ ಆರನೇ ತಾರೀಕು ಭಾನುವಾರ ಬರ್ತೀವಿ. ಹಾಡಿದ್ರೆ ನಡುಕೋಣೆಗೆ, ಇಲ್ಲಾಂದ್ರೆ ಅಲ್ಲಿಂದಲೇ ಗುಜರಿಗೆ. ಐವತ್ತಮೂರು ದಿನ ಇದೆ. ನಿನಗೆ ಸ್ಕ್ರೂ ನೋಡೋಕೇ ಸಾಲಲ್ಲ, ಗೊತ್ತು!”

ಫೋನು ಇಟ್ಟ ಮೇಲೆ ನಿಧಾನಪ್ಪನವರು ತಮ್ಮ ಜೀವಮಾನದಲ್ಲಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದರು. ಪೆಟ್ಟಿಗೆಯನ್ನು ಬಿಚ್ಚುವುದಕ್ಕೆ ಮೊದಲೇ ಚೀಟಿ ತೆಗೆದು, ಕಾರಣದ ಸಾಲಿನಲ್ಲಿ “ದುರಸ್ತಿಗಾರನ ಆತುರ” ಎಂದು ಬರೆದರು. ಪರೀಕ್ಷಿಸಲು ಏನಿತ್ತು? ತಾವೇ ಮಾಡಿದ ಅಪರಾಧ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. ಇವರ ಮನೆಯಲ್ಲಿ ಮುಂದಿನ ಕೋಣೆಯೇ ಕಾರ್ಯಾಗಾರ. ಅಂಗಡಿ ಮುಚ್ಚಿದ 2005ರಿಂದ ಮೇಜು, ಬೆಸುಗೆ ಕಡ್ಡಿ, ಕಾಗದದಲ್ಲಿ ಸುತ್ತಿದ ವಾಲ್ವುಗಳ ಡಬ್ಬಗಳು ಎಲ್ಲವೂ ಇಲ್ಲೇ ನೆಲೆಸಿದ್ದವು.

“ಇದೇನ್ರೀ ಇದು, ಹುಡುಗಿ ನೋಡೋಕೆ ಮುಂಚೆ ಮಗುವಿಗೆ ಹೆಸರಿಡೋ ಥರ?”

“ಇದು ಬೇರೆ ಕೇಸು.”

“ನಿಮಗೆ ಎಲ್ಲಾ ಬೇರೆ ಕೇಸೇ. ಅಂದಹಾಗೆ, ಇದನ್ನ ಇಲ್ಲಿಟ್ಟರೆ ನಾನು ಅಡುಗೆಮನೆಗೆ ಕಿಟಕಿಯಿಂದ ಹೋಗಬೇಕಾ?”

ಪೆಟ್ಟಿಗೆ ಒಂದು ಗೇಣು ಸರಿಯಿತು.

ಕ್ರಮದ ಪ್ರಕಾರ ಪರೀಕ್ಷೆ ಆರಂಭವಾಯಿತು. ಮೇಲಿನ ಮುಚ್ಚಳ ಎತ್ತಿದಾಗ ತಿರುಗುವ ತಟ್ಟೆಯ ಮೇಲೆ ಒಂದು ರೆಕಾರ್ಡು ಹಾಗೇ ಕೂತಿತ್ತು. ಮಾವನವರ ಪ್ರೀತಿಯ ಪಿಟೀಲಿನ ರೆಕಾರ್ಡು, ನಲವತ್ತೆರಡು ವರ್ಷ ಕದಲದೆ. ನಾಲ್ಕನೆಯ ದಿನ, ಜನವರಿ 15ರ ಶನಿವಾರ, ಬೆಳಿಗ್ಗೆ ಹತ್ತೂವರೆಗೆ ನಿಧಾನಪ್ಪನವರು ಹಿಂಬದಿಯ ಮೂಲೆಯ ಪುಟ್ಟ ಕಪ್ಪು ಮುಚ್ಚಳವನ್ನು ತಿರುಗಿಸಿ ತೆಗೆದರು. ಅದು ಫ್ಯೂಸಿನ ಜಾಗ. ಅಲ್ಲಿ ಕೂದಲೆಳೆಯಂಥ ತಂತಿಯಿರುವ ಗಾಜಿನ ಫ್ಯೂಸು ಇರಬೇಕು. ಒಳಗೆ ಎಲ್ಲಾದರೂ ಕೆಟ್ಟರೆ ಮೊದಲು ತಾನು ಕಡಿದು ಮಿಕ್ಕಿದ್ದೆಲ್ಲವನ್ನೂ ಉಳಿಸುವುದು ಅದರ ಕೆಲಸ.

ಅಲ್ಲಿ ಇದ್ದದ್ದು ಒಂದು ಹೇರ್‌ಪಿನ್.

ಕಪ್ಪು ಹೇರ್‌ಪಿನ್, ಒಂದು ಕಾಲು ಅಲೆಯಲೆ, ಒಂದು ಕಾಲು ನೆಟ್ಟಗೆ. ನೆಟ್ಟಗಿನ ಕಾಲಿನ ತುದಿಯಲ್ಲಿ ಹಲ್ಲಿನಿಂದ ಕಚ್ಚಿದ ಗುರುತು. ನಿಧಾನಪ್ಪನವರು ಅದನ್ನು ಇಕ್ಕಳದಿಂದ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಯಾರದೆಂದು ಕೇಳಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕನ ಕೈಯಲ್ಲಿ ಹೇರ್‌ಪಿನ್ನೆಂದರೆ ಒಂದು ಇಡೀ ಹತ್ಯಾರದ ಪೆಟ್ಟಿಗೆ. ಅಪ್ಪನ ಮೇಜಿನ ಬೀಗ ತೆಗೆದದ್ದು ಅದರಿಂದ, ತಮ್ಮನ ಕಾಲಿನ ಮುಳ್ಳು ಕಿತ್ತದ್ದು ಅದರಿಂದ. ಮೊದಲು ಹಲ್ಲಿನಿಂದ ತುದಿ ಕಚ್ಚಿ ಅಗಲಿಸುವುದು ಅವಳ ಅಭ್ಯಾಸ. ಆ ಮನೆಯಲ್ಲಿ ಆಗ ಅವಳ ಹೊರತು ಬೇರೆ ಹೆಂಗಸರೂ ಇರಲಿಲ್ಲ.

ಈಗ ಎಲ್ಲವೂ ಸಾಲಾಗಿ ಜೋಡಿಸಿಕೊಂಡಿತು. ಮಾವನವರು ಊರಲ್ಲಿಲ್ಲದ ಆ ಹತ್ತು ದಿನದಲ್ಲಿ ಅಕ್ಕ ಕದ್ದು ರೇಡಿಯೋ ಹಾಕಿದ್ದಾಳೆ. ಒಳಗೆ ಕಂಡೆನ್ಸರ್ ಕೆಡುತ್ತಿತ್ತು. ಫ್ಯೂಸು ತನ್ನ ಕರ್ತವ್ಯ ಮಾಡಿ ಕಡಿದಿದೆ. ಹೆದರಿದ ಹುಡುಗಿ ತಲೆಯ ಪಿನ್ನು ತೆಗೆದು ಅಲ್ಲಿಟ್ಟಿದ್ದಾಳೆ. ರೇಡಿಯೋ ಮತ್ತೆ ಮಾತಾಡಿತು, ಆದರೆ ಗೊಣಗುತ್ತ. ಭಾನುವಾರ ತಮ್ಮ ಬಂದು ಸ್ವಿಚ್ಚು ಒತ್ತಿದಾಗ ಕಡಿಯಬೇಕಾದ ಫ್ಯೂಸು ಅಲ್ಲಿರಲಿಲ್ಲ, ಪಿನ್ನು ಕಡಿಯಲಿಲ್ಲ, ಟ್ರಾನ್ಸ್‌ಫಾರ್ಮರೇ ಬೆಂದಿತು. ಬಾಗಿಲ ಬಳಿ ತಗ್ಗಿದ ಆ ತಲೆ ತಮ್ಮನ ಅವಮಾನಕ್ಕಾಗಿ ಮಾತ್ರ ತಗ್ಗಿರಲಿಲ್ಲ.

ಅವರು ಪಿನ್ನನ್ನು ಬೆಂಕಿಪೊಟ್ಟಣದಲ್ಲಿಟ್ಟರು. ಬರೆದಿದ್ದ ಚೀಟಿಯನ್ನು ಹರಿದರು. 

ಬೆಂಕಿಪೊಟ್ಟಣ ಒಲೆ ಹಚ್ಚುವವರ ಕೈಗೆ ಸಿಗುವುದು ಸಹಜವೇ. ಸಂಜೆ ಹೆಂಡತಿ ಅದನ್ನು ಹಿಡಿದು ಬಂದರು. ವಿಷಯ ಕೇಳಿದ್ದೇ ತಡ, ಕೆರಳಿದರು.

“ನಲವತ್ತೆರಡು ವರ್ಷ! ನನ್ನ ಮದುವೆ ದಿನ ಕೂಡ ಭಾವ ಆ ಹೊಗೆ ಕಥೆ ಹೇಳಿದ್ರು. ನಮ್ಮಪ್ಪ ಒಂದು ಕ್ಷಣ ಯೋಚನೆ ಮಾಡಿದ್ರು, ಗೊತ್ತಾ? ಈಗಲೇ ಫೋನ್ ಮಾಡಿ.”

“ಮಾಡಿ ಏನು ಹೇಳಲಿ?”

“‘ಭಾವ, ನಿಮ್ಮ ಹೆಂಡತಿ ಸುಟ್ಟದ್ದು’ ಅನ್ನಿ.”

“ಅವಳು ಬಾಯಿಬಿಟ್ಟು ಹೇಳದೇ ಇದ್ದದ್ದನ್ನ ನಾನು ಹೇಳಲಾ?”

“ಹಾಗಾದ್ರೆ ಚೀಟೀಲಿ ಏನು ಬರೀತೀರಿ? ಸುಳ್ಳು ಬರೆಯೋರಲ್ಲ ನೀವು.”

ಅದೇ ಪ್ರಶ್ನೆ. ನಿಜ ಬರೆದರೆ ಭಾವ ಓದುತ್ತಾರೆ. ಈ ಇಳಿವಯಸ್ಸಿನಲ್ಲಿ ಅಕ್ಕನ ತಲೆ ಮತ್ತೆ ತಗ್ಗುತ್ತದೆ. ಬರೆಯದಿದ್ದರೆ ತಮ್ಮ ತಲೆಯ ಮೇಲಿನ ಹೊಗೆ ಸಾಯುವ ತನಕ ಹಾಗೇ ಉಳಿಯುತ್ತದೆ. “ಮೊದಲು ಇದು ಹಾಡಲಿ” ಎಂದರು ನಿಧಾನಪ್ಪನವರು.

ಸುಟ್ಟ ಟ್ರಾನ್ಸ್‌ಫಾರ್ಮರನ್ನು ಹಳೆಯ ಸ್ನೇಹಿತನಾದ ಕಾಯಿಲ್ ಸುತ್ತುವವನ ಬಳಿಗೆ ಒಯ್ದರು. ಅವನು ಹಳೆಯ ತಂತಿಯ ಸುತ್ತುಗಳನ್ನು ಎಣಿಸಿ ಬಿಚ್ಚಿ, ಅಷ್ಟೇ ಸುತ್ತು ಹೊಸ ತಂತಿ ಸುತ್ತಬೇಕಿತ್ತು. “ಎಂಟುನೂರ ಹನ್ನೆರಡು, ಹದಿಮೂರು… ಏನೋ, ಚೆನ್ನಾಗಿದ್ದೀಯಾ… ಥೂ, ಎಷ್ಟಾಯ್ತು? ನೀನು ಹೊರಗೆ ಕೂತ್ಕೋ ಮಾರಾಯ, ನಿನ್ನ ಮುಖ ನೋಡಿದ್ರೆ ಮಾತು ಬರತ್ತೆ” ಎಂದು ಗೆಳೆಯನನ್ನು ಮೆಟ್ಟಿಲಿಗೆ ಅಟ್ಟಿದ. ಮೂರು ದಿನ ಹಿಡಿಯಿತು. ಮನೆಗೆ ಬಂದು ಊದಿಕೊಂಡಿದ್ದ ಕಂಡೆನ್ಸರುಗಳನ್ನೆಲ್ಲ ಬದಲಿಸಿದರು. ಮುಟ್ಟಿದರೆ ಪುಡಿಯಾಗುತ್ತಿದ್ದ ರಬ್ಬರು ತಂತಿಗಳನ್ನು ತೆಗೆದರು. ಆರು ವಾಲ್ವುಗಳಲ್ಲಿ ಐದು ಗಟ್ಟಿಯಾಗಿದ್ದವು. ಆರನೆಯದರ ಜೋಡಿ 1988ರ ದಿನಪತ್ರಿಕೆಯಲ್ಲಿ ಸುತ್ತಿಕೊಂಡು ಡಬ್ಬದಲ್ಲಿ ಕಾದಿತ್ತು.

ಫೆಬ್ರವರಿ 26, ಶನಿವಾರ, ಬೆಳಿಗ್ಗೆ ಒಂಬತ್ತೂವರೆಗೆ ಹಲಗೆಯ ಬಲ್ಬಿನ ಮೂಲಕ ಕರೆಂಟು ಕೊಟ್ಟರು. ಬಲ್ಬು ಬೆಳಗಿತು. ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಬಂದು ನಿಂತರು. ಬಲ್ಬು ಮೆಲ್ಲಗೆ, ನಿದ್ದೆ ಹತ್ತುವ ಕಣ್ಣಿನಂತೆ, ಮಂಕಾಯಿತು. ವಾಲ್ವುಗಳ ಒಳಗೆ ಕೆಂಪು ಚುಕ್ಕಿ ಮೂಡಿದವು. ಡಯಲಿನ ಹಿಂದಿನ ದೀಪ ಹತ್ತಿತು. ಸರಸರ ಸದ್ದಿನ ನಡುವೆ ಎಲ್ಲಿಯದೋ ಒಂದು ನಿಲಯದಲ್ಲಿ ಯಾರೋ ಹವಾಮಾನ ಓದುತ್ತಿದ್ದರು.

“ವಾಸನೆ ಬರ್ತಿದೆ!” ಎಂದು ನಿಧಾನಪ್ಪನವರು ಗಾಬರಿಯಿಂದ ಪ್ಲಗ್ಗಿಗೆ ಕೈಹಾಕಿದರು.

“ಅದು ನನ್ನ ಒಗ್ಗರಣೆ ರೀ” ಎಂದು ಹೆಂಡತಿ ಒಳಗೆ ಓಡಿದರು.

ರೆಕಾರ್ಡ್ ಪ್ಲೇಯರ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಮೋಟಾರಿನ ಗ್ರೀಸು ಅಂಟಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ಬಿಟ್ಟರು. ತಟ್ಟೆಯನ್ನು ತಿರುಗಿಸುವ ಪುಟ್ಟ ರಬ್ಬರ್ ಚಕ್ರ ಇಷ್ಟು ವರ್ಷ ಒಂದೇ ಕಡೆ ಒತ್ತಿಕೊಂಡು ಅಲ್ಲಿ ಚಪ್ಪಟೆಯಾಗಿತ್ತು, ಸುತ್ತಿಗೊಮ್ಮೆ ‘ಟಕ್’. ಅದನ್ನು ಉಜ್ಜುಕಾಗದಕ್ಕೆ ಹಿಡಿದು ಗುಂಡಗೆ ಮಾಡಿದರು. ಪಿಟೀಲಿನ ಬದಲು ಗುಂಯ್ ಎಂಬ ಸದ್ದು ಬಂದಾಗ ಅವರು ತಟ್ಟನೆ ಪ್ಲಗ್ಗು ಕಿತ್ತರು, ಅದೇ ಹಳೆಯ ಗುಂಯ್. ಎರಡು ದಿನ ಹುಡುಕಿದ ಮೇಲೆ ತಿಳಿಯಿತು: ಮುಳ್ಳಿನ ತೋಳಿನಿಂದ ಬರುವ ತಂತಿಯ ಅರ್ತಿಂಗ್ ಎಳೆ ಬೆಸುಗೆ ಬಿಟ್ಟಿತ್ತು. ಒಂದು ಹನಿ ಬೆಸುಗೆ, ಸದ್ದಡಗಿತು. ಕೊನೆಗೆ ರೆಕಾರ್ಡಿನ ಅಂಚಿಗೆ ಕಾಗದದ ಚೂರು ಅಂಟಿಸಿ, ಹೆಂಡತಿಯ ಕೈಗೆ ಗಡಿಯಾರ ಕೊಟ್ಟು ಸುತ್ತು ಎಣಿಸಿದರು.

“ಮೂವತ್ತಮೂರು. ಸರಿಯಾಯ್ತಲ್ಲ?”

“ಮೂವತ್ತಮೂರು, ಮತ್ತೆ ಮೂರನೇ ಒಂದು ಭಾಗ ಇರಬೇಕು.”

“ಆ ಮೂರನೇ ಒಂದು ಭಾಗದ ಜೊತೆಗೇ ನಾನು ಸಂಸಾರ ಮಾಡಿದ್ದು” ಎಂದರು ಹೆಂಡತಿ.

ಮಾರ್ಚ್ 6ರ ಭಾನುವಾರ ಹನ್ನೊಂದಕ್ಕೆ ಅಕ್ಕ, ಭಾವ ಬಂದರು. ಭಾವ ಹೊಸ್ತಿಲಲ್ಲೇ ಮೂಗೆಳೆದು, “ಹೊಗೆ ವಾಸನೆ ಇಲ್ಲ. ಹಾಗಾದ್ರೆ ಇನ್ನೂ ಶುರು ಮಾಡಿಲ್ಲ” ಎಂದರು. ಅಕ್ಕ ನಗಲಿಲ್ಲ. ಕೈಚೀಲವನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕುರ್ಚಿಯ ಅಂಚಿನಲ್ಲಿ ಕೂತಳು.

ನಿಧಾನಪ್ಪನವರು ಮುಳ್ಳನ್ನು ರೆಕಾರ್ಡಿನ ಮೇಲೆ ಇಳಿಸಿದರು. ಪಿಟೀಲು ಎದ್ದಿತು. ತೇಗದ ಪೆಟ್ಟಿಗೆಯೇ ಉಸಿರೆಳೆದಂತೆ, ದಪ್ಪ, ಬೆಚ್ಚಗಿನ ಧ್ವನಿ. ಭಾವ ತೆರೆದ ಬಾಯಿ ಮುಚ್ಚಲಿಲ್ಲ. “ಅಪ್ಪ ಇದನ್ನ ಹಾಕಿ ಗಡ್ಡ ಹೆರೀತಿದ್ರು” ಎಂದರು ಕೊನೆಗೆ, ಸಣ್ಣ ದನಿಯಲ್ಲಿ. ಒಂದು ಬದಿ ಮುಗಿಯಿತು. ಆದರೆ ಅಭ್ಯಾಸ ಬಿಡುವುದೇ?

“ಆಯ್ತಪ್ಪ, ಗೆದ್ದೆ. ಎಲ್ಲಿ ನಿನ್ನ ಚೀಟಿ? ಕಾರಣ ಅಂತ ಏನು ಬರೆದಿದ್ದೀಯ ನೋಡೋಣ. ‘ಭಾವಮೈದುನ’ ಅಂತ ತಾನೆ?”

ಭಾವ ತಾವೇ ಹಿಂದೆ ಬಗ್ಗಿ ನೋಡಿದರು. ಚೀಟಿ ಅಂಟಿತ್ತು. ಬಂದ ದಿನ ಇತ್ತು, ದೂರು ಇತ್ತು, ಮಾಡಿದ ಕೆಲಸ ನಾಲ್ಕು ಸಾಲು ಒತ್ತೊತ್ತಾಗಿ ಇತ್ತು. ಕಾರಣದ ಎದುರು ಏನೂ ಇರಲಿಲ್ಲ.

“ಇದೇನು, ಖಾಲಿ?”

“ಗೊತ್ತಾಗಲಿಲ್ಲ” ಎನ್ನಬಹುದಿತ್ತು. ನಿಧಾನಪ್ಪನವರ ನಾಲಿಗೆ ಹೊರಳಲಿಲ್ಲ. “ಬರೆದಿಲ್ಲ, ಭಾವ” ಎಂದಷ್ಟೇ ಹೇಳಿದರು. ಹೆಂಡತಿ ಜೋರಾಗಿ ಕೆಮ್ಮಿದರು.

“ಪುಟ್ಟಾ” ಎಂದಳು ಅಕ್ಕ. “ಆ ಮೂಲೇಲಿ ಕರೀ ಮುಚ್ಚಳ ಇದೆಯಲ್ಲ, ಅದನ್ನೂ ಬಿಚ್ಚಿ ನೋಡಿದ್ಯಾ?”

“ನೋಡಿದೆ ಅಕ್ಕ.”

“ಇತ್ತಾ?”

“ಇತ್ತು.”

“ಪೆನ್ನು ಕೊಡು.”

ಅಕ್ಕ ಎದ್ದು ಬಂದು, ಮೊಣಕಾಲೂರಿ, ತನ್ನ ದುಂಡನೆಯ ಅಕ್ಷರದಲ್ಲಿ ಆ ಸಾಲು ತುಂಬಿದಳು: “ಫ್ಯೂಸಿನ ಜಾಗದಲ್ಲಿ ನಾನು ಇಟ್ಟ ಹೇರ್‌ಪಿನ್.” ಬರೆದು ಮುಗಿಸಿ ಗಂಡನ ಕಡೆ ತಿರುಗಿದಳು.

“ಮಾವನವರ ಹೆದರಿಕೆಗೆ ಬಾಯಿ ಬಿಡಲಿಲ್ಲ. ಆಮೇಲೆ ಅವರು ಹೋದ್ರು. ಅಷ್ಟೊತ್ತಿಗೆ ನೀವು ಆ ಕಥೆನ ಊರೆಲ್ಲ ಹಂಚಿಬಿಟ್ಟಿದ್ರಿ. ಹೇಳೋ ಹೊತ್ತೇ ಮೀರಿಹೋಗಿತ್ತು. ಇವನೇ ಬಿಚ್ಚಿ ನೋಡಲಿ ಅಂತ ಕಳಿಸಿದೆ. ನೋಡಿಯೂ ಸುಮ್ಮನಿದ್ದಾನೆ, ನೋಡಿ.”

ಭಾವ ಚೀಟಿಯನ್ನು ಎರಡು ಸಲ ಓದಿದರು. ಹೆಂಡತಿಯ ತುರುಬನ್ನೊಮ್ಮೆ, ಭಾವಮೈದುನನ ಮುಖವನ್ನೊಮ್ಮೆ ನೋಡಿದರು. ಆಮೇಲೆ ನಿಧಾನಪ್ಪನವರ ಹೆಗಲ ಮೇಲೆ ಕೈಯಿಟ್ಟರು. ಆ ಕೈ ಬಹಳ ಭಾರವಾಗಿತ್ತು.

“ಇನ್ನು ನಾನು ಯಾರನ್ನಯ್ಯಾ ರೇಗಿಸೋದು?”

“ಮನೇಲೇ ಇದ್ದಾರಲ್ಲ, ಅಷ್ಟು ದೂರ ಯಾಕೆ ಹುಡುಕ್ತೀರಿ?” ಎಂದರು ನಿಧಾನಪ್ಪನವರ ಹೆಂಡತಿ, ನಲವತ್ತೆರಡು ವರ್ಷದ ಬಾಕಿಯನ್ನು ಒಂದೇ ಮಾತಿನಲ್ಲಿ ವಸೂಲು ಮಾಡಿ. ಅಕ್ಕ ಆಗ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ನಿಧಾನಪ್ಪನವರು ಪೆನ್ನು ತೆಗೆದುಕೊಂಡು ಅಕ್ಕನ ಸಾಲಿನ ಕೆಳಗೆ ಸಣ್ಣಗೆ ಸೇರಿಸಿದರು: “ಮತ್ತು ಮುಚ್ಚಳ ತೆಗೆದು ನೋಡದ ದುರಸ್ತಿಗಾರ.”

“ಅದನ್ಯಾಕೋ ಬರೀತೀಯ?”

“ನೋಡಿದ್ರೆ ಅವತ್ತೇ ಸಿಗ್ತಿತ್ತಲ್ಲಕ್ಕ. ಅರ್ಧ ನಿಂದು, ಅರ್ಧ ನಂದು.”

ಬೆಂಕಿಪೊಟ್ಟಣವನ್ನು ಅಕ್ಕನ ಕೈಗಿತ್ತರು. ಅವಳು ಪಿನ್ನನ್ನು ತಿರುಗಿಸಿ ನೋಡಿ, “ಇನ್ನೂ ಗಟ್ಟಿಯಾಗೇ ಇದೆ” ಎಂದು ತುರುಬಿಗೆ ಸಿಕ್ಕಿಸಿಕೊಂಡಳು. ಆಮೇಲೆ ಹೋದ ದಿನದ ಸಾಲಿನಲ್ಲಿ 6-3-2011 ಎಂದು ಬರೆದಾಯಿತು, ಪೆಟ್ಟಿಗೆ ಗಾಡಿಯೇರಿತು.

ಅಂದು ಸಂಜೆ ಆರಕ್ಕೆ ಫೋನು ಬಂತು. ಆ ಕಡೆಯಿಂದ ಯಾರೂ ಮಾತಾಡಲಿಲ್ಲ. ಅಕ್ಕ ರಿಸೀವರನ್ನು ಪೆಟ್ಟಿಗೆಯ ಮುಂದೆ ಹಿಡಿದಿದ್ದಳು. ನಿಧಾನಪ್ಪನವರು ನಿಂತೇ ಇಡೀ ಬದಿಯನ್ನು ಕೇಳಿದರು. ಪಿಟೀಲು ಚೆನ್ನಾಗಿತ್ತು. ಅದರ ಅಡಿಯಲ್ಲಿ, ಸುತ್ತಿಗೊಮ್ಮೆ, ಬೇರೆ ಯಾರ ಕಿವಿಗೂ ಬೀಳದಂಥ ಒಂದು ಸಣ್ಣ ‘ಟಕ್’ ಇತ್ತು. ರಬ್ಬರ್ ಚಕ್ರ ಇನ್ನೂ ಪೂರ್ತಿ ದುಂಡಗಾಗಿರಲಿಲ್ಲ.

“ಅಕ್ಕ, ಬುಧವಾರ ಬರ್ತೀನಿ” ಎಂದರು ಸಂತೋಷದಿಂದ. “ಸ್ವಲ್ಪ ಉಜ್ಜಬೇಕು.”

“ಬಾ. ಊಟಕ್ಕೆ ಇಲ್ಲೇ ಇರು.”

ಫೋನು ಇಟ್ಟು ಕ್ಯಾಲೆಂಡರಿನ ಮುಂದೆ ನಿಂತರು. ಬುಧವಾರ, ಮಾರ್ಚ್ 9; ಅಂದು ಹೊಗೆಯೆದ್ದದ್ದೂ ಇದೇ ತಾರೀಕು. ಆ ಚೌಕದ ಸುತ್ತ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಹಳೆಯ ಚರ್ಮದ ಚೀಲವನ್ನು ಇಳಿಸಿ, ಹಿಂದಿನ ಮುಚ್ಚಳದ ಸ್ಕ್ರೂಗಳಿಗೆ ಹೊಂದುವ ಸ್ಕ್ರೂಡ್ರೈವರನ್ನು ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡರು.